ಗೇರ್ ಬದಲಾದದ್ದು ಗೊತ್ತಾಗಬಾರದು

ಒಬ್ಬರು ಕಾರನ್ನು ಎಷ್ಟು ಚೆನ್ನಾಗಿ ಓಡಿಸುತ್ತಾರೆ ಎಂದು ತಿಳಿಯಲು ನಾನು ಸ್ಪೀಡೋಮೀಟರ್ ನೋಡುವುದಿಲ್ಲ, ಪಕ್ಕದ ಸೀಟಿನಲ್ಲಿ ಕೂತವರ ತಲೆ ನೋಡುತ್ತೇನೆ. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಆ ತಲೆ ಮುಂದಕ್ಕೆ ಬಾಗಿ ಮತ್ತೆ ಹಿಂದಕ್ಕೆ ಬಿದ್ದರೆ, ಓಡಿಸುವವರ ಕೈ ಎಷ್ಟೇ ಚುರುಕಾಗಿದ್ದರೂ ಕೆಲಸ ಅರ್ಧಕ್ಕೆ ನಿಂತಿದೆ. ಸಾಧಾರಣ ಕಾರಿನಲ್ಲಿ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಎಂಜಿನ್ ಶಕ್ತಿ ಕಡಿಮೆ, ಸಸ್ಪೆನ್ಷನ್ ಮೆತ್ತಗೆ, ತಪ್ಪನ್ನೆಲ್ಲ ಗಾಡಿಯೇ ನುಂಗಿಕೊಳ್ಳುತ್ತದೆ. ಓಟಕ್ಕೆಂದೇ ಕಟ್ಟಿದ ಕಾರು ಹಾಗೆ ನುಂಗುವುದಿಲ್ಲ. ಅದರ ಫ್ಲೈವೀಲ್ ಹಗುರ, ಕ್ಲಚ್ ಗಡಸು, ಎಂಜಿನ್ನಿನ ಹಿಡಿಕೆಗಳು ಬಿಗಿ. ಕಾಲು ಕೂದಲೆಳೆಯಷ್ಟು ತಡವಾದರೂ ಇಡೀ ಗಾಡಿ ಜರ್ಕ್ ಹೊಡೆದು ಹೇಳುತ್ತದೆ. ಅದಕ್ಕೇ ಗೇರ್ ಹಾಕುವ ವಿದ್ಯೆ ಕಲಿಯಲು ಇಂಥ ಕಾರಿಗಿಂತ ಒಳ್ಳೆಯ ಮೇಷ್ಟ್ರಿಲ್ಲ ಎಂದು ನಾನು ನಂಬಿದ್ದೇನೆ.

ಗೇರ್ ಬಾಕ್ಸಿನೊಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಂಡರೆ ಅರ್ಧ ಪಾಠ ಮುಗಿಯಿತು. ಗೇರ್ ಹಾಕುವುದೆಂದರೆ ಹಲ್ಲುಚಕ್ರಗಳನ್ನು ಸರಿಸಿ ತಂದು ಒಂದಕ್ಕೊಂದು ಕಚ್ಚಿಸುವುದು ಎಂದು ಬಹಳ ಮಂದಿಯ ಕಲ್ಪನೆ. ಫ್ರಾನ್ಸಿನ ಪನಾರ್ ಲೆವಾಸೋರ್ ಕಾರುಗಳ ಕಾಲದಲ್ಲಿ, ಅಂದರೆ 1890ರ ದಶಕದಲ್ಲಿ, ಅದು ನಿಜವೇ ಆಗಿತ್ತು. ಇಂದಿನ ಗೇರ್ ಬಾಕ್ಸಿನಲ್ಲಿ ಮುಂದಕ್ಕೆ ಹೋಗುವ ಗೇರುಗಳೆಲ್ಲ ಸದಾ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನಾವು ಲಿವರ್ ತಳ್ಳಿದಾಗ ಒಳಗೆ ಒಂದು ತೋಳು ಸರಿದು, ಬೇಕಾದ ಗೇರನ್ನು ಶಾಫ್ಟಿಗೆ ಬಿಗಿಯುತ್ತದೆ, ಅಷ್ಟೆ. ಬಿಗಿಯುವ ಮೊದಲು ಎರಡೂ ಒಂದೇ ವೇಗದಲ್ಲಿ ತಿರುಗುತ್ತಿರಬೇಕು, ಇಲ್ಲದಿದ್ದರೆ ಕರಕರ ಸದ್ದು. ಈ ವೇಗ ಹೊಂದಿಸುವ ಕೆಲಸಕ್ಕೆ ಕ್ಯಾಡಿಲಾಕ್ ಕಂಪನಿ 1928ರಲ್ಲಿ ಸಿಂಕ್ರೋಮೆಶ್ ತಂದಿತು. ಒಂದು ಉಂಗುರ, ಹೆಚ್ಚಾಗಿ ಹಿತ್ತಾಳೆಯದು, ಗೇರಿನ ಶಂಕುವಿನ ಮೇಲೆ ಉಜ್ಜಿ ವೇಗ ಸಮ ಮಾಡುತ್ತದೆ. ಸಮವಾಗುವವರೆಗೆ ತೋಳನ್ನು ಮುಂದಕ್ಕೆ ಬಿಡದೆ ತಡೆದು ನಿಲ್ಲಿಸುತ್ತದೆ. ಲಿವರ್ ಒಳಹೋಗುವ ಮುನ್ನ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತದಲ್ಲ, ಅದೇ ಈ ಉಂಗುರ ಕೆಲಸ ಮಾಡುತ್ತಿರುವ ಗಳಿಗೆ. ಅಲ್ಲಿ ಹಗುರವಾಗಿ ಒತ್ತಿ ಹಿಡಿದರೆ ಸಾಕು, ದಾರಿ ತಾನಾಗಿ ತೆರೆಯುತ್ತದೆ. ರಟ್ಟೆಬಲ ಹಾಕಿದರೆ ಉಂಗುರ ಸವೆಯುತ್ತದೆ.

ಆದರೆ ಸಿಂಕ್ರೋಮೆಶ್ ಹೊಂದಿಸುವುದು ಗೇರ್ ಬಾಕ್ಸಿನ ಒಳಗಿನ ವೇಗವನ್ನು ಮಾತ್ರ. ಕ್ಲಚ್ ಒತ್ತಿದಾಗ ಎಂಜಿನ್ ಪ್ರತ್ಯೇಕವಾಗಿ ಬಿಟ್ಟುಕೊಂಡಿರುತ್ತದೆ. ಅದರ ವೇಗಕ್ಕೂ ಹೊಸ ಗೇರ್ ಕೇಳುವ ವೇಗಕ್ಕೂ ಇರುವ ಅಂತರವನ್ನು ಯಾವ ಉಂಗುರವೂ ತುಂಬುವುದಿಲ್ಲ. ಆ ಅಂತರ ಉಳಿದಿರುವಾಗಲೇ ಕ್ಲಚ್ ಬಿಟ್ಟರೆ ಜರ್ಕ್. ಹಾಫ್ ಕ್ಲಚ್ಚಿನಲ್ಲಿ ಜಾರಿಸಿ ಜಾರಿಸಿ ಬಿಟ್ಟರೆ ಜರ್ಕ್ ಮರೆಯಾಗುತ್ತದೆ, ನಿಜ. ಪಕ್ಕದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ, ಕ್ಲಚ್ ಪ್ಲೇಟಿಗೆ ಗೊತ್ತಾಗುತ್ತದೆ. ನಾನು ನಯ ಎಂದು ಕರೆಯುವುದು ಇದನ್ನಲ್ಲ. ಕ್ಲಚ್ ಬಿಡುವ ಹೊತ್ತಿಗೆ ಎಂಜಿನ್ ಆಗಲೇ ಸರಿಯಾದ ವೇಗಕ್ಕೆ ಬಂದು ನಿಂತಿರಬೇಕು. ಹೊರಟ ಬಸ್ಸಿಗೆ ಹತ್ತುವವನು ಮೊದಲು ಬಸ್ಸಿನಷ್ಟೇ ವೇಗವಾಗಿ ಪಕ್ಕದಲ್ಲಿ ಓಡಿ, ಆಮೇಲೆ ಕಂಬಿ ಹಿಡಿಯುತ್ತಾನೆ. ಗೇರ್ ಬದಲಿಸುವ ಕಲೆಯ ತಿರುಳೂ ಅಷ್ಟೇ: ಮೊದಲು ವೇಗ ಕೂಡಬೇಕು, ಆಮೇಲೆ ಹಿಡಿತ.

ಅಂಕಿಗಳಿಲ್ಲದೆ ಈ ಮಾತು ಗಾಳಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಲಿವರ್ ಹಿಡಿಯುವ ಸುಖಕ್ಕೆ ಜಗತ್ತಿನಾದ್ಯಂತ ಹೆಸರಾದ ಒಂದು ಕಾರನ್ನೇ ತೆಗೆದುಕೊಳ್ಳೋಣ: ಹೋಂಡಾ ಎಸ್2000. 1999ರಲ್ಲಿ ಜಪಾನಿನಲ್ಲಿ ಹೊರಬಂದು 2009ರವರೆಗೆ ತಯಾರಾದ, ಎರಡೇ ಸೀಟಿನ, ತೆರೆದ ಚಾವಣಿಯ ಕಾರು. ಎರಡು ಲೀಟರಿನ ಎಂಜಿನ್, ಟರ್ಬೋ ಇಲ್ಲ, ಜಪಾನಿನ ಮಾದರಿಯಲ್ಲಿ 8,300 ಆರ್‌ಪಿಎಂನಲ್ಲಿ 250 ಅಶ್ವಶಕ್ತಿ. ಮೊದಲ ಮಾದರಿಗಳಲ್ಲಿ ಕೆಂಪು ಗೆರೆ 9,000ಕ್ಕೆ. ಆಟೊಮ್ಯಾಟಿಕ್ ಗೇರ್ ಬಾಕ್ಸ್ ಈ ಕಾರಿಗೆ ಬರಲೇ ಇಲ್ಲ. ಇದರ ಮುಖ್ಯ ಎಂಜಿನಿಯರ್ ಶಿಗೇರು ಉಯೆಹಾರಾ, ಹೋಂಡಾದ ಎನ್‌ಎಸ್‌ಎಕ್ಸ್ ಕಾರಿನ ಹಿಂದೆ ಇದ್ದವರೂ ಅವರೇ. ಎಸ್2000ದ ಎಂಜಿನ್ ಮುಂದೆ, ಅದು ತಿರುಗಿಸುವ ಚಕ್ರ ಹಿಂದೆ, ಗೇರ್ ಬಾಕ್ಸ್ ಇವೆರಡರ ನಡುವೆ ಸರಿಯಾಗಿ ಚಾಲಕನ ಕೈ ಕೆಳಗೆ. ಲಿವರ್ ನೆಟ್ಟಿರುವುದು ನೇರವಾಗಿ ಗೇರ್ ಬಾಕ್ಸಿನ ಮೇಲೆ. ನಮ್ಮಲ್ಲಿ ಹೆಚ್ಚಾಗಿ ಓಡುವ ಮುಂಚಕ್ರದ ಕಾರುಗಳಲ್ಲಿ ಗೇರ್ ಬಾಕ್ಸ್ ಬಾನೆಟ್ಟಿನ ಕೆಳಗೆ ಅಡ್ಡಕ್ಕೆ ಕೂತಿರುತ್ತದೆ, ಕೈಗೂ ಅದಕ್ಕೂ ನಡುವೆ ಕೇಬಲ್ ಎಳೆದಿರುತ್ತಾರೆ. ಆ ಕೇಬಲ್ಲಿನಲ್ಲಿ ಸಂದೇಶ ಸ್ವಲ್ಪ ಮಂಕಾಗುತ್ತದೆ. ಎಸ್2000ದಲ್ಲಿ ಮಂಕಾಗಲು ನಡುವೆ ಏನೂ ಇಲ್ಲ.

ಈ ಕಾರಿನ ಮೊದಲ ಮಾದರಿಯ ಗೇರ್ ಅನುಪಾತಗಳು ಹೀಗಿವೆ: ಒಂದನೆಯದು 3.133, ಎರಡು 2.045, ಮೂರು 1.481, ನಾಲ್ಕು 1.161, ಐದು 0.970, ಆರು 0.810. ಒಂದನೇ ಗೇರಿನಲ್ಲಿ 9,000ದವರೆಗೆ ಎಳೆದು ಎರಡಕ್ಕೆ ಹಾಕಿದರೆ, ಅದೇ ರಸ್ತೆ ವೇಗಕ್ಕೆ ಎಂಜಿನ್ 5,900ರ ಹತ್ತಿರ ಇಳಿಯಬೇಕು. ಎರಡರಿಂದ ಮೂರಕ್ಕೆ ಸುಮಾರು 6,500. ಮೂರರಿಂದ ನಾಲ್ಕಕ್ಕೆ 7,050. ಐದರಿಂದ ಆರಕ್ಕೆ 7,500. ಮೊದಲ ಬದಲಾವಣೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸುತ್ತು ಕಳೆಯಬೇಕು, ಕೊನೆಯದರಲ್ಲಿ ಅದರ ಅರ್ಧ ಕಳೆದರೆ ಸಾಕು. ಕಾಲು ಎತ್ತಿದ ಮೇಲೆ ಎಂಜಿನ್ ಇಳಿಯುವುದು ತನ್ನದೇ ಲಯದಲ್ಲಿ, ನಾವು ಅವಸರ ಮಾಡಿದರೂ ಅದು ಅವಸರ ಮಾಡುವುದಿಲ್ಲ. ಹಾಗಾಗಿ ಎಲ್ಲ ಗೇರಿಗೂ ಒಂದೇ ತಾಳ ಹಾಕುವವರು ಒಂದರಿಂದ ಎರಡಕ್ಕೆ ಹೋಗುವಾಗ ತಪ್ಪದೆ ಜರ್ಕ್ ಹೊಡೆಯುತ್ತಾರೆ. ಅಲ್ಲಿ ಕೈ ತುಸು ಕಾಯಬೇಕು, ಮೇಲಿನ ಗೇರುಗಳಲ್ಲಿ ಅಷ್ಟು ಕಾಯಬೇಕಿಲ್ಲ. ಯಾವ ಗೇರಿಗೆ ಎಷ್ಟು ಕಾಯಬೇಕು ಎಂಬುದು ನಿಮ್ಮ ಕಾರಿನದೇ ವಿಷಯ, ಕೆಲವು ದಿನ ಕಿವಿ ಕೊಟ್ಟರೆ ತಿಳಿಯುತ್ತದೆ.

ಹೊಸ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಮಾಲಿನ್ಯ ನಿಯಂತ್ರಣದ ಕಾರಣಕ್ಕೆ, ಕಾಲು ಎತ್ತಿದ ಕೂಡಲೇ ಥ್ರಾಟಲ್ ಪೂರ್ತಿ ಮುಚ್ಚದಂತೆ ಅನೇಕ ಎಂಜಿನ್‌ಗಳಿಗೆ ಕಂಪ್ಯೂಟರ್ ಹೇಳಿಕೊಟ್ಟಿರುತ್ತದೆ. ಆರ್‌ಪಿಎಂ ಮುಳ್ಳು ಮೇಲೆಯೇ ಒಂದು ಗಳಿಗೆ ತೂಗಾಡಿ ಆಮೇಲೆ ಇಳಿಯುತ್ತದೆ. ಇಂಥ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲನ್ನು ಕ್ಲಚ್‌ಗಿಂತ ಕಣ್ಣರೆಪ್ಪೆಯಷ್ಟು ಮುಂಚೆ ಸಡಿಲಿಸಬೇಕು. ಬಹಳ ಮುಂಚೆ ಎತ್ತಿದರೆ ಕಾರಿನ ಮೂಗು ಬಾಗುತ್ತದೆ, ತಡವಾಗಿ ಎತ್ತಿದರೆ ಎಂಜಿನ್ ಬರಿದೇ ಕಿರುಚುತ್ತದೆ. ನಮ್ಮ ದೇಹ ಎಳೆತಕ್ಕೆ ಒಗ್ಗಿಕೊಳ್ಳುತ್ತದೆ. ಎಳೆತ ಥಟ್ಟನೆ ಬದಲಾಗುವುದಕ್ಕೆ ಮಾತ್ರ ಒಗ್ಗುವುದಿಲ್ಲ. ಆದ್ದರಿಂದ ಕ್ಲಚ್ ಒತ್ತುವ ಮುನ್ನ ಎಳೆತವನ್ನು ಮೆಲ್ಲಗೆ ಇಳಿಸಿ, ಕ್ಲಚ್ ಕಚ್ಚಿದ ಮೇಲೆ ಮೆಲ್ಲಗೆ ಏರಿಸುವುದು ಕ್ರಮ. ರೇಸ್ ಟ್ರ್ಯಾಕಿನಲ್ಲಿ ಇದೆಲ್ಲ ಅತ್ಯಂತ ಬೇಗ ನಡೆಯುತ್ತದೆ, ಆದರೂ ಕ್ರಮ ಇದೇ.

ಕೆಳಗಿನ ಗೇರಿಗೆ ಇಳಿಯುವಾಗ ವಿದ್ಯೆ ನಿಜವಾಗಿ ಪರೀಕ್ಷೆಗೆ ಬರುತ್ತದೆ. ಎಸ್2000ದಲ್ಲಿ ಮೂರನೇ ಗೇರಿನಲ್ಲಿ 5,000 ಸುತ್ತಿನಲ್ಲಿ ಹೋಗುತ್ತಿದ್ದೀರಿ, ಎರಡಕ್ಕೆ ಇಳಿಸಬೇಕು. ಎಂಜಿನ್ 6,900ಕ್ಕೆ ಏರಬೇಕು. ಆದರೆ ಕಾಲು ಎತ್ತಿ ಕ್ಲಚ್ ಒತ್ತಿದ ಕೂಡಲೇ ಅದು ಇಳಿಯತೊಡಗುತ್ತದೆ, ಬೇಕಾದ ದಿಕ್ಕಿಗೆ ಸರಿಯಾಗಿ ವಿರುದ್ಧವಾಗಿ. ಹಾಗೇ ಕ್ಲಚ್ ಬಿಟ್ಟರೆ ಎಂಜಿನ್ನನ್ನು ಮೇಲಕ್ಕೆ ಎಳೆಯುವ ಹೊರೆ ಚಕ್ರಗಳ ಮೇಲೆ ಬೀಳುತ್ತದೆ. ಅಂದರೆ ಎಂಜಿನ್ ತಿರುಗಿಸುವ ಚಕ್ರಗಳಿಗೆ ಮಾತ್ರ ಯಾರೋ ಥಟ್ಟನೆ ಬ್ರೇಕ್ ಹಾಕಿದಂತಾಗುತ್ತದೆ. ಹಿಂಚಕ್ರದ ಕಾರು ಒದ್ದೆ ತಿರುವಿನಲ್ಲಿದ್ದರೆ ಹಿಂಭಾಗ ಹೊರಕ್ಕೆ ಜಾರಬಹುದು. ಮುಂಚಕ್ರದ ಕಾರಾದರೆ ಸ್ಟೀರಿಂಗ್ ತಿರುಗಿಸಿದರೂ ಮುಂಭಾಗ ನೇರ ಹೋಗಬಹುದು. ನಯವಾದ ಗೇರ್ ಬರೀ ಸುಖದ ಮಾತಲ್ಲ, ಟೈರಿನ ಹಿಡಿತ ಉಳಿಸುವ ಮಾತು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಪರಿಹಾರ ಸರಳ: ಲಿವರ್ ನ್ಯೂಟ್ರಲ್ ದಾಟುವಾಗ ಆಕ್ಸಿಲರೇಟರಿಗೆ ಚುಟುಕಾಗಿ ಒಂದು ರೇಸ್ ಕೊಡುವುದು. ಇಂಗ್ಲಿಷರು ಬ್ಲಿಪ್ ಎನ್ನುವುದು ಇದನ್ನೇ. ಎಂಜಿನ್ 6,900 ದಾಟಿ ತುಸು ಮೇಲೇರಿ ಇಳಿಯುತ್ತಿರುವಾಗ ಕ್ಲಚ್ ಬಿಟ್ಟರೆ ಗೇರ್ ಕೂತದ್ದೇ ತಿಳಿಯುವುದಿಲ್ಲ. ನಮ್ಮ ಹಳೆಯ ಲಾರಿ ಚಾಲಕರಿಗೆ ಇದು ಹೊಸ ವಿಷಯವಲ್ಲ. ಸಿಂಕ್ರೋಮೆಶ್ ಇಲ್ಲದ ಗೇರ್ ಬಾಕ್ಸಿನಲ್ಲಿ ಭಾರ ಹೇರಿಕೊಂಡು ಘಾಟಿ ಏರಿ ಇಳಿದವರಿಗೆ ಬೇರೆ ದಾರಿಯೇ ಇರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ರೇಸ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್. ಇದು ಡಬಲ್ ಕ್ಲಚ್. ಮೊದಲು ಹೇಳಿದ ಒಳಗಿನ ಅಂತರವನ್ನೂ ಹೊರಗಿನ ಅಂತರವನ್ನೂ ಚಾಲಕನೇ ತುಂಬುವ ವಿಧಾನ. ಇಂದಿನ ಕಾರಿನಲ್ಲಿ ಒಳಗಿನದನ್ನು ಉಂಗುರ ನೋಡಿಕೊಳ್ಳುವುದರಿಂದ ಎರಡು ಸಲ ಕ್ಲಚ್ ಒತ್ತುವ ಅಗತ್ಯವಿಲ್ಲ. ಆದರೆ ಆ ಚಾಲಕರು ಆರ್‌ಪಿಎಂ ಮುಳ್ಳಿನ ನೆರವಿಲ್ಲದೆ, ಎಂಜಿನ್ನಿನ ದನಿಯೊಂದನ್ನೇ ಕೇಳಿ ವೇಗ ಕೂಡಿಸುತ್ತಿದ್ದರಲ್ಲ, ಆ ಕಿವಿ ನಮಗೂ ಬೇಕು.

ತೊಂದರೆ ಇರುವುದು, ತಿರುವಿಗೆ ಮುಂಚೆ ಬ್ರೇಕೂ ಹಾಕಬೇಕು, ರೇಸೂ ಕೊಡಬೇಕು, ಕ್ಲಚ್ಚೂ ಒತ್ತಬೇಕು ಎನ್ನುವಲ್ಲಿ. ಪೆಡಲ್ ಮೂರು, ಕಾಲು ಎರಡು. ಹೀಲ್ ಆಂಡ್ ಟೋ ಎಂಬ ತಂತ್ರ ಹುಟ್ಟಿದ್ದು ಹೀಗೆ. ಬಲಗಾಲಿನ ಹೆಬ್ಬೆರಳ ಬುಡ ಬ್ರೇಕ್ ಮೇಲೆ ಗಟ್ಟಿಯಾಗಿ ಕೂತಿರುತ್ತದೆ, ಪಾದವನ್ನು ಬಲಕ್ಕೆ ಹೊರಳಿಸಿ ಅದರ ಹೊರ ಅಂಚಿನಿಂದ ಆಕ್ಸಿಲರೇಟರ್ ತಟ್ಟಬೇಕು. ಹೆಸರಿನಲ್ಲಿ ಹಿಮ್ಮಡಿ ಇದ್ದರೂ ಪೆಡಲ್‌ಗಳು ಹತ್ತಿರವಿರುವ ಕಾರುಗಳಲ್ಲಿ ಹಿಮ್ಮಡಿಗೆ ಕೆಲಸವಿಲ್ಲ. ಬ್ರೆಜಿಲಿನ ರೇಸ್ ಚಾಲಕ ಅಯರ್ಟನ್ ಸೆನ್ನಾ ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ ಹೋಂಡಾ ಎನ್‌ಎಸ್‌ಎಕ್ಸ್ ಓಡಿಸಿದ ಹಳೆಯ ವಿಡಿಯೊ ಒಂದಿದೆ, ಅದರಲ್ಲಿ ಕ್ಯಾಮೆರಾ ಅವರ ಪಾದಗಳ ಮೇಲೆ ನಿಲ್ಲುತ್ತದೆ. ರೇಸಿಂಗ್ ಬೂಟು ಕೂಡ ಇಲ್ಲ, ಮಾಮೂಲಿ ಲೋಫರ್ ಮತ್ತು ಬಿಳಿ ಕಾಲುಚೀಲ. ಬ್ರೇಕಿನ ಮೇಲಿನ ಪಾದ ನಿಂತಲ್ಲೇ ನಿಂತು, ಅಂಚು ಮಾತ್ರ ಆಕ್ಸಿಲರೇಟರನ್ನು ತಟ್ಟಿ ತಟ್ಟಿ ಬರುತ್ತದೆ. ಈ ಕಲೆ ಕಲಿಯಬೇಕೆನ್ನುವವರು ನೂರು ಪುಟ ಓದುವ ಬದಲು ಅದನ್ನು ನೋಡಬೇಕು.

ಈ ತಂತ್ರದ ಕಷ್ಟವಿರುವುದು ಬ್ರೇಕಿನ ಒತ್ತಡ ಬದಲಾಗದಂತೆ ನೋಡಿಕೊಳ್ಳುವುದರಲ್ಲಿ. ರೇಸ್ ಕೊಡುವ ಭರದಲ್ಲಿ ಬ್ರೇಕನ್ನೂ ಹೆಚ್ಚು ಒತ್ತಿದರೆ ಜರ್ಕ್ ತಪ್ಪಿಸಲು ಹೋಗಿ ಇನ್ನೊಂದು ಜರ್ಕ್ ತಂದುಕೊಂಡ ಹಾಗಾಗುತ್ತದೆ. ಬಹಳ ಜನ ಗಮನಿಸದ ಇನ್ನೊಂದು ಸಂಗತಿ: ಬ್ರೇಕನ್ನು ಜೋರಾಗಿ ಒತ್ತಿದಾಗ ಆ ಪೆಡಲ್ ಕೆಳಗಿಳಿದು ಆಕ್ಸಿಲರೇಟರಿನ ಮಟ್ಟಕ್ಕೆ ಬರುತ್ತದೆ, ಪಾದ ಸುಲಭವಾಗಿ ಹೊರಳುತ್ತದೆ. ಊರೊಳಗೆ ಮೆತ್ತಗೆ ಬ್ರೇಕ್ ಹಾಕಿದಾಗ ಪೆಡಲ್ ಮೇಲೆಯೇ ಇರುತ್ತದೆ, ಆಕ್ಸಿಲರೇಟರ್ ಪಾದಕ್ಕೆಟುಕದ ಆಳದಲ್ಲಿ ಉಳಿಯುತ್ತದೆ. ನಿಧಾನಕ್ಕೆ ಓಡಿಸುವಾಗ ಹೀಲ್ ಆಂಡ್ ಟೋ ಬರಲಿಲ್ಲವೆಂದು ಯಾರೂ ಎದೆಗುಂದಬೇಕಿಲ್ಲ. ಓಟದ ಕಾರಿನ ಪೆಡಲ್‌ಗಳನ್ನು ಜೋಡಿಸಿರುವುದೇ ಜೋರು ಬ್ರೇಕಿಗೆ.

ಕೈಯ ಕೆಲಸ ಕಾಲಿನದಕ್ಕಿಂತ ಚಿಕ್ಕದು, ಆದರೆ ತಪ್ಪಿದರೆ ದುಬಾರಿ. ಲಿವರನ್ನು ಮುಷ್ಟಿಯಲ್ಲಿ ಹಿಡಿಯಬಾರದು, ಅಂಗೈಯಿಂದ ತಳ್ಳಬೇಕು, ಬೆರಳಿಂದ ಎಳೆಯಬೇಕು. ಸಾಮಾನ್ಯವಾಗಿ ಒಳಗಿನ ಸ್ಪ್ರಿಂಗ್ ನ್ಯೂಟ್ರಲ್‌ನಲ್ಲಿರುವ ಲಿವರನ್ನು ಮೂರು-ನಾಲ್ಕರ ಸಾಲಿಗೆ ತಾನೇ ತಂದು ನಿಲ್ಲಿಸುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಆ ಸ್ಪ್ರಿಂಗಿಗೆ ದಾರಿ ಬಿಟ್ಟರೆ ಸಾಕು. ಮುಷ್ಟಿ ಬಿಗಿದವರು ಸ್ಪ್ರಿಂಗಿನ ಜತೆ ಗುದ್ದಾಡುತ್ತಾರೆ. ಎಸ್2000ದಲ್ಲಿ ಮೂರನೇ ಗೇರಿನ 9,000 ಸುತ್ತಿನಿಂದ ನಾಲ್ಕಕ್ಕೆ ಎಳೆಯಲು ಹೋಗಿ ತಪ್ಪಿ ಎರಡಕ್ಕೆ ಬಿದ್ದು ಕ್ಲಚ್ ಬಿಟ್ಟರೆ, ಚಕ್ರಗಳು ಎಂಜಿನ್ನನ್ನು 12,400ರತ್ತ ತಿರುಗಿಸಲು ಹೊರಡುತ್ತವೆ. ಮಿತಿ ಕಾಯುವ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಬಲ್ಲದು, ಚಕ್ರಗಳನ್ನು ನಿಲ್ಲಿಸಲಾರದು. ವಾಲ್ವ್ ಬಾಗಿ ಎಂಜಿನ್ ಹಾಳಾಗಲು ಆ ಒಂದು ಗಳಿಗೆ ಸಾಕು.

ಇಷ್ಟೆಲ್ಲ ಕಷ್ಟ ಯಾಕೆ, ಯಂತ್ರವೇ ಗೇರ್ ಬದಲಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಗಡಿಯಾರದ ಲೆಕ್ಕದಲ್ಲಿ ಅವರ ಮಾತು ಸರಿ. 1989ರಲ್ಲಿ ರಿಯೋ ಡಿ ಜನೈರೋದಲ್ಲಿ ನೈಜೆಲ್ ಮ್ಯಾನ್ಸೆಲ್, ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಬದಲಿಸುವ ಫೆರಾರಿ 640ರಲ್ಲಿ ಗೆದ್ದಾಗಲೇ ಫಾರ್ಮುಲಾ ಒನ್‌ನ ದಾರಿ ಗೊತ್ತಾಗಿತ್ತು. ಕೈಯಲ್ಲಿ ಗೇರ್ ಹಾಕುವ ಕಾರು ಅಲ್ಲಿ ಕೊನೆಯ ಬಾರಿ ಚಾಂಪಿಯನ್ ಆದದ್ದು 1991ರಲ್ಲಿ, ಸೆನ್ನಾ ಓಡಿಸಿದ ಮೆಕ್ಲಾರೆನ್ ಎಂಪಿ4/6. ಅದೇ ವರ್ಷ ತನ್ನ ಊರಾದ ಸಾವೊ ಪೌಲೊದ ಇಂಟರ್‌ಲಾಗೋಸ್‌ನಲ್ಲಿ ಸೆನ್ನಾಗೆ ಗೇರುಗಳು ಒಂದೊಂದಾಗಿ ಕೈಕೊಟ್ಟವು. ಕೊನೆಯ ಸುತ್ತುಗಳನ್ನು ಆರನೇ ಗೇರೊಂದರಲ್ಲೇ ಓಡಿಸಿ, ಮೂರು ಸೆಕೆಂಡ್ ಅಂತರದಲ್ಲಿ ಗೆದ್ದು, ಟ್ರೋಫಿ ಎತ್ತಲೂ ಪರದಾಡಿದರು. ನಿಧಾನದ ತಿರುವಿನಲ್ಲೂ ಆರನೇ ಗೇರಿನಲ್ಲಿ ಎಂಜಿನ್ ನಂದದಂತೆ ಕಾಪಾಡಿದ್ದು ಆ ಬಲಗಾಲು.

ಇಂದು ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಗೇರ್ ಬಾಕ್ಸಿನ ವೇಗಕ್ಕೆ ಯಾವ ಮನುಷ್ಯನ ಕೈಯೂ ಸಾಟಿಯಾಗದು. ಪೋರ್ಷೆ ಕಂಪನಿ 2013ರ 911 ಜಿಟಿ3 ಕಾರನ್ನು ಆಟೊಮ್ಯಾಟಿಕ್‌ನಲ್ಲಿ ಮಾತ್ರ ಕೊಟ್ಟಿತು. ಮೆಚ್ಚಿದವರು ಮ್ಯಾನ್ಯುವಲ್ ಬೇಕೆಂದು ಹಟ ಹಿಡಿದರು. 2016ರಲ್ಲಿ ಆರು ಗೇರಿನ ಮ್ಯಾನ್ಯುವಲ್ ಇರುವ 911 ಆರ್ ಬಂತು, 991 ಕಾರು ಮಾತ್ರ. 2017ರಲ್ಲಿ ಜಿಟಿ3ಗೂ ಮ್ಯಾನ್ಯುವಲ್ ಮರಳಿತು. ಭಾರತದಲ್ಲಿ 2023ರಲ್ಲಿ ಬಂದ ಬಿಎಂಡಬ್ಲ್ಯು ಎಂ2 ಕೂಡ ಆರು ಗೇರಿನ ಮ್ಯಾನ್ಯುವಲ್ ಆಯ್ಕೆ ಕೊಟ್ಟಿತು. ನಿಧಾನವೆಂದು ಗೊತ್ತಿದ್ದೂ ಜನ ಕೇಳಿ ಪಡೆದರೆಂದರೆ, ಅವರು ಕೊಳ್ಳುತ್ತಿರುವುದು ಸೆಕೆಂಡುಗಳನ್ನಲ್ಲ, ಕೆಲಸದಲ್ಲಿ ತಮ್ಮ ಪಾಲನ್ನು.

ಆ ಪಾಲನ್ನೂ ಯಂತ್ರ ಹಂಚಿಕೊಳ್ಳತೊಡಗಿದೆ. ನಿಸ್ಸಾನ್ 370ಝಡ್ ಕಾರು ಹೊರಬಂದಾಗಿನಿಂದ, ಗೇರ್ ಇಳಿಸುವಾಗ ತಾನೇ ರೇಸ್ ಕೊಟ್ಟುಕೊಳ್ಳುವ ಏರ್ಪಾಟು ಮ್ಯಾನ್ಯುವಲ್ ಕಾರುಗಳಿಗೂ ಬಂದಿದೆ. ಅದು ಒಳ್ಳೆಯ ಏರ್ಪಾಟು, ಕೆಟ್ಟದೆನ್ನಲು ನನಗೆ ಕಾರಣವಿಲ್ಲ. ದಣಿದ ಸಂಜೆಯ ಟ್ರಾಫಿಕ್‌ನಲ್ಲಿ ಅದು ನೆರವಾಗುತ್ತದೆ. ಆದರೆ ಕಲಿಯುವವರು ಮೊದಲು ಅದನ್ನು ಆಫ್ ಮಾಡಿ ಕಲಿಯಬೇಕು. ಕಲಿತ ಮೇಲೆ ಆನ್ ಮಾಡಿಕೊಳ್ಳುವುದು ಅವರವರ ಇಷ್ಟ.

ಇದನ್ನು ಓದುವ ಹೆಚ್ಚಿನವರ ಬಳಿ ಎಸ್2000 ಇರಲಾರದು, ಇರುವುದು ಯಾವುದೋ ಮ್ಯಾನ್ಯುವಲ್ ಹ್ಯಾಚ್‌ಬ್ಯಾಕ್ ಅಥವಾ ಸೆಡಾನ್. ವಿದ್ಯೆ ಅದರಲ್ಲೂ ಒಂದೇ. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ, ಚಾರ್ಮಾಡಿಯ ಮಳೆಗಾಲದ ಇಳಿಜಾರಿನಲ್ಲಿ, ಬ್ರೇಕನ್ನೇ ನಂಬದೆ ಎರಡನೇ ಗೇರಿಗೆ ನಯವಾಗಿ ಇಳಿಯಬಲ್ಲವರ ಬ್ರೇಕ್ ಕಾಯುವುದಿಲ್ಲ, ಟೈರ್ ಜಾರುವುದಿಲ್ಲ, ಹಿಂದಿನ ಸೀಟಿನ ಮಕ್ಕಳಿಗೆ ವಾಂತಿಯ ಕಾಟವೂ ಕಡಿಮೆ.

ಆರಂಭಿಸುವವರಿಗೆ ನನ್ನ ಮಾತು ಇಷ್ಟು. ಹೀಲ್ ಆಂಡ್ ಟೋ ಕೊನೆಗಿರಲಿ. ಮೊದಲು ಸಮತಟ್ಟಾದ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು, ಬ್ರೇಕ್ ಮುಟ್ಟದೆ ನಾಲ್ಕರಿಂದ ಮೂರಕ್ಕೆ ಇಳಿಸಿ. ಕ್ಲಚ್ ಬಿಡುವ ಮುನ್ನ ಚುಟುಕು ರೇಸ್ ಕೊಡಿ. ಕಾರು ಮುಗ್ಗರಿಸಿದರೆ ರೇಸ್ ಸಾಲದು, ಮುಂದಕ್ಕೆ ನೆಗೆದರೆ ಹೆಚ್ಚಾಯಿತು. ಅದು ಕೈವಶವಾದ ಮೇಲೆ ಮೂರರಿಂದ ಎರಡಕ್ಕೆ. ಆಮೇಲೆ ಎಂಜಿನ್ ಆಫ್ ಮಾಡಿ, ನಿಂತ ಕಾರಿನಲ್ಲಿ ಪಾದ ಹೊರಳಿಸುವುದನ್ನು ಅಭ್ಯಾಸ ಮಾಡಿ. ತೆಳು ಅಡಿಯ ಬೂಟು ಹಾಕಿಕೊಳ್ಳಿ. ಗೇರ್ ಹಾಕಿದ ಮೇಲೆ ಲಿವರಿನ ಮೇಲಿಂದ ಕೈ ತೆಗೆಯಿರಿ, ಕ್ಲಚ್ ಮೇಲಿಂದ ಎಡಗಾಲು ತೆಗೆಯಿರಿ; ಎರಡೂ ಕಡೆ ಸುಮ್ಮನೆ ಇಟ್ಟ ಭಾರ ಒಳಗಿನ ಭಾಗಗಳನ್ನು ಸವೆಸುತ್ತದೆ. ಬೆಳಿಗ್ಗೆ ಎಣ್ಣೆ ತಣ್ಣಗಿರುವಾಗ ಮೊದಲ ಕೆಲವು ಕಿಲೋಮೀಟರ್ ಗೇರುಗಳನ್ನು ಅವಸರಪಡಿಸಬೇಡಿ. ಮೂರು ಪೆಡಲಿನ ಕಾರು ನಿಮ್ಮ ಮನೆಯಲ್ಲಿದ್ದರೆ, ಅದನ್ನು ಮಾರುವ ಮೊದಲು ಒಮ್ಮೆಯಾದರೂ ಸರಿಯಾಗಿ ಓಡಿಸಲು ಕಲಿಯಿರಿ.